ಆನೆ ಪುಸ್ತಕಕ್ಕೆ ಯಾವ ನಂಬರ್? ಪ್ರಾಣಿ ವಿಷಯದ ಪುಸ್ತಕಗಳಿಗೆ ಡೀವಿ, ಯುಡಿಸಿ, ಕೋಲನ್, ಎಲ್‌ಸಿ ಇವುಗಳಲ್ಲಿ ಯಾವುದು ಹೊಂದುತ್ತೆ

ಪ್ರಾಣಿ, ಪಕ್ಷಿ, ಹಾವು, ದನ ಕರು ಇವುಗಳ ಪುಸ್ತಕಕ್ಕೆ ವರ್ಗ ಸಂಖ್ಯೆ, ಅಂದ್ರೆ ವಿಷಯದ ಪ್ರಕಾರ ಜೋಡಿಸೋಕೆ ಬೆನ್ನಿನ ಮೇಲೆ ಹಾಕೋ ನಂಬರ್, ಹೇಗೆ ಕೊಡೋದು ಅಂತ ನಮ್ಮ ಕಡೆ ಲೈಬ್ರರಿ ನೋಡ್ಕೊಳ್ಳೋರು ಸುಮಾರು ಜನ ಕೇಳ್ತಾನೇ ಇರ್ತಾರೆ. ಅದರಲ್ಲಿ ಕಾಲೇಜಿನವರೂ ಇದ್ದಾರೆ, ಪಂಚಾಯ್ತಿ ಲೈಬ್ರರಿಯಾದ ಅರಿವು ಕೇಂದ್ರದ ಮೇಲ್ವಿಚಾರಕರೂ ಇದ್ದಾರೆ, ಮನೇಲೇ ಒಂದು ಕೋಣೆ ತುಂಬ ಕಾಡಿನ ಪುಸ್ತಕ ಕೂಡಿಟ್ಟವರೂ ಇದ್ದಾರೆ. ಈ ಸಂಖ್ಯೆ ಕೊಡೋಕೆ ಡೀವಿ, ಯುಡಿಸಿ, ಕೋಲನ್, ಎಲ್‌ಸಿ ಅಂತ ಪದ್ಧತಿಗಳಿವೆ. ಕನ್ನಡ ಕಾದಂಬರಿ ಬಂದ್ರೆ ಡೀವಿ ಪ್ರಕಾರ 894.814 ಹಾಕಿ ಮುಂದೆ ಹೋಗ್ತೀವಿ, ಅದರೊಳಗೆ ಹಾರುವ ಓತಿ ಬಂದಿದ್ರೂ ಅದು ಕಾದಂಬರಿನೇ, 597.95ರ ಹಲ್ಲಿ ಓತಿಕ್ಯಾತಗಳ ಸಾಲಿಗೆ ಹೋಗಲ್ಲ. ಆದ್ರೆ ಸಕ್ರೆಬೈಲಿನ ಆನೆಗಳ ಬಗ್ಗೆ ಒಂದು ಪುಸ್ತಕ, ಮಂಗನ ಕಾಯಿಲೆ ಬಗ್ಗೆ ಒಂದು, ಮಲೆನಾಡು ಗಿಡ್ಡ ತಳಿ ಬಗ್ಗೆ ಒಂದು ಟೇಬಲ್ ಮೇಲೆ ಬಂದು ಕೂತ್ರೆ ಆಗ ಕೈ ನಿಂತು ಹೋಗುತ್ತೆ, ಯಾಕಂದ್ರೆ ಒಂದೇ ಪ್ರಾಣಿಗೆ ನಾಲ್ಕೈದು ಕಡೆ ಜಾಗ ಇದೆ, ಯಾವುದನ್ನ ಆರಿಸಿದ್ರೂ ಒಬ್ಬ ಓದುಗನಿಗೆ ಸಿಗುತ್ತೆ, ಇನ್ನೊಬ್ಬನಿಗೆ ತಪ್ಪಿ ಹೋಗುತ್ತೆ.

ಯಾವ ಪದ್ಧತಿ ಒಳ್ಳೇದು ಅನ್ನೋ ಪ್ರಶ್ನೆನ ಮೊದಲು ಕೇಳಬೇಡಿ. ನಿಮ್ಮ ರ್‍ಯಾಕಿನ ಮುಂದೆ ಬಂದು ನಿಲ್ಲೋರು ಯಾರು ಅನ್ನೋದನ್ನ ಮೊದಲು ಕೇಳ್ಕೊಳ್ಳಿ. ಪ್ರಾಣಿನ ಹುಡುಕ್ಕೊಂಡು ಬರ್ತಾರಾ, ಅಥವಾ ಆ ಪ್ರಾಣಿಯಿಂದ ಆಗೋ ಕೆಲಸನ ಹುಡುಕ್ಕೊಂಡು ಬರ್ತಾರಾ? ಹೈಸ್ಕೂಲ್ ಹುಡುಗ "ಆನೆ ಪುಸ್ತಕ ಕೊಡಿ" ಅಂತಾನೆ. ಪಶುವೈದ್ಯಕೀಯ ಓದೋ ಹುಡುಗಿ "ಸಾಂಕ್ರಾಮಿಕ ರೋಗದ್ದು ಕೊಡಿ, ದನದ್ದು" ಅಂತಾಳೆ. ಅಡಿಕೆ ತೋಟದವರಿಗೆ ಮಂಗನ ಕಾಟ ತಪ್ಪಿಸೋದು ಬೇಕು, ಮಂಗನ ಜೀವಶಾಸ್ತ್ರ ಬೇಡ. ಎರಡನೇದು, ಈ ವಿಷಯದಲ್ಲಿ ನಿಮ್ಮಲ್ಲಿ ಎಷ್ಟು ಪುಸ್ತಕ ಇದೆ, ಇನ್ನು ಹತ್ತು ವರ್ಷಕ್ಕೆ ಎಷ್ಟಾಗಬಹುದು. ಮೂರನೇದು, ನೀವು ವರ್ಗ ಆಗಿ ಹೋದ್ಮೇಲೆ ಅಥವಾ ನಿವೃತ್ತಿ ಆದ್ಮೇಲೆ ಇದನ್ನ ಮುಂದುವರಿಸೋರಿಗೆ ಆ ಪದ್ಧತಿ ಗೊತ್ತಿರುತ್ತಾ. ನಾಲ್ಕನೇದು ದುಡ್ಡು. ಇನ್ನೊಂದು ಬಹಳ ಜನ ಲೆಕ್ಕಕ್ಕೇ ತಗೊಳ್ಳಲ್ಲ, ಪುಸ್ತಕದ ಬೆನ್ನು ಎಷ್ಟು ದಪ್ಪ ಇದೆ ಅನ್ನೋದು. ನಮ್ಮ ಕನ್ನಡದ ಪಕ್ಷಿ ಪುಸ್ತಕ, ಕೃಷಿ ಇಲಾಖೆ ಕಿರುಹೊತ್ತಿಗೆ ಇವೆಲ್ಲ ಎಂಬತ್ತು ನೂರು ಪುಟದವು, ಅದರ ಬೆನ್ನಿನ ಮೇಲೆ ಹನ್ನೆರಡು ಅಂಕಿ ಅಂಟಿಸೋಕೆ ಜಾಗ ಎಲ್ಲಿದೆ.

ಮೊದಲು ಡೀವಿ ನೋಡೋಣ, ಯಾಕಂದ್ರೆ ನಮ್ಮಲ್ಲಿ ಹೆಚ್ಚಿನವರು ಈಗಾಗ್ಲೇ ಅದರಲ್ಲೇ ಇದ್ದಾರೆ. 1876ರಲ್ಲಿ ಬಂದ ಪದ್ಧತಿ, ಇಪ್ಪತ್ಮೂರನೇ ಆವೃತ್ತಿ 2011ರಲ್ಲಿ ನಾಲ್ಕು ಸಂಪುಟದಲ್ಲಿ ಬಂತು, ಈಗ ವೆಬ್‌ಡೀವಿ ಅಂತ ವರ್ಷ ವರ್ಷ ಚಂದಾ ಕಟ್ಟಿ ನೋಡೋ ರೂಪದಲ್ಲಿದೆ. ಡೀವಿ ಪ್ರಾಣಿ ಹಿಡಿದು ಜೋಡಿಸಲ್ಲ, ಶಾಸ್ತ್ರ ಹಿಡಿದು ಜೋಡಿಸುತ್ತೆ, ಇದನ್ನ ಮನಸ್ಸಿಗೆ ಹಾಕ್ಕೊಂಡ್ರೆ ಅರ್ಧ ಗೊಂದಲ ಹೋಗುತ್ತೆ. ಆನೆನೇ ತಗೊಳ್ಳಿ. ಕಾಡಾನೆಯ ಜೀವನ, ದೇಹ ರಚನೆ ಅಂದ್ರೆ 599.67. ಅದರ ವರ್ತನೆ ಬಗ್ಗೆ ಮಾತ್ರ ಇದ್ರೆ ಅದಕ್ಕೆ 15 ಸೇರಿಸಿ 599.6715. ಶಿಬಿರದ ಆನೆ, ಪಳಗಿಸೋದು, ಮಾವುತ ಕಾವಾಡಿ ಕೆಲಸ ಅಂದ್ರೆ ಅದು ಸಾಕಿದ ಪ್ರಾಣಿ ಆಯ್ತು, 636.967. ಆನೆ ಉಳಿಸೋ ನೀತಿ, ಸಂಪನ್ಮೂಲ ಅಂತ ನೋಡಿದ್ರೆ 333.95967, ಕಾಡಿನಲ್ಲಿ ಸಂರಕ್ಷಣೆ ಕೆಲಸ ಮಾಡೋ ವಿಧಾನ ಅಂದ್ರೆ 639.97967. ಬೆಳೆಗೆ ನುಗ್ಗೋ ಆನೆ 632.6967. ಆನೆಯ ಜನಪದ ಕಥೆ 398.2452967. ಎಲ್ಲದರಲ್ಲೂ 67 ಬರ್ತಾ ಇರೋದು ನೋಡಿದ್ರಾ, 599.67ರ ಬಾಲನೇ ಎಲ್ಲ ಕಡೆ ಹೋಗಿ ಕೂತಿದೆ. ಸಂಖ್ಯೆ ಕಟ್ಟೋ ಕೆಲಸದ ಗುಟ್ಟು ಇಷ್ಟೇ, 59ರ ಅಥವಾ 599ರ ಮುಂದಿರೋ ಅಂಕಿನ ಬೇರೆ ಶಾಸ್ತ್ರದ ಮೂಲ ಸಂಖ್ಯೆಗೆ ಸೇರಿಸು ಅಂತ ಆಯಾ ಜಾಗದಲ್ಲಿ ಸೂಚನೆ ಬರೆದಿರ್ತಾರೆ. ಮಂಗಗಳದ್ದು 599.8 ಗೊತ್ತಿದ್ರೆ, ತೋಟಕ್ಕೆ ಮಂಗನ ಹಾವಳಿ 632.698 ಅಂತ ನೀವೇ ಕಟ್ಟಬಹುದು.

ಸ್ವಲ್ಪ ಉದ್ದದ್ದು ಒಂದು ಕಟ್ಟಿ ತೋರಿಸ್ತೀನಿ. ನಾಯಿಗಳಿಗೆ ಬರೋ ರೇಬಿಸ್ ಬಗ್ಗೆ ವೈದ್ಯಕೀಯ ಪುಸ್ತಕ ಇದೆ ಅಂತಿಟ್ಕೊಳ್ಳಿ. ನಾಯಿ ಸಾಕಣೆ 636.7. ಪಶುವೈದ್ಯಕೀಯ ಅಂತ ಹೇಳೋಕೆ 089. ಮನುಷ್ಯರ ವೈದ್ಯಕೀಯದಲ್ಲಿ ರೇಬಿಸ್ 616.953, ಅದರಲ್ಲಿ 61 ತೆಗೆದ್ರೆ ಉಳಿಯೋದು 6953. ಮೂರನ್ನೂ ಜೋಡಿಸಿದ್ರೆ 636.70896953. ಇದೇ ದಾರೀಲಿ ದನಗಳ ಸಾಂಕ್ರಾಮಿಕ ರೋಗ 636.208969, ಕಾಲುಬಾಯಿ ಜ್ವರದ ಪುಸ್ತಕ ಇದರ ಸುತ್ತಮುತ್ತನೇ ಬರುತ್ತೆ. ಊರು ಸೇರಿಸಬೇಕಂದ್ರೆ 09 ಹಾಕಿ ಪ್ರದೇಶದ ಅಂಕಿ ಹಾಕ್ತೀವಿ, ಭಾರತ 54, ಕರ್ನಾಟಕ 5487. ಹಾಗಾಗಿ ಕರ್ನಾಟಕದ ಪಕ್ಷಿಗಳು 598.095487, ಕರ್ನಾಟಕದ ಚಿಟ್ಟೆಗಳು 595.789095487, ಭಾರತದ ಹಾವುಗಳು 597.960954. ಪಕ್ಷಿ ವೀಕ್ಷಣೆಗೆ ಮಾತ್ರ ಬೇರೆ ಕ್ರಮ, 598.07234 ಆದ್ಮೇಲೆ 09 ಬೇಡ, ಪ್ರದೇಶದ ಅಂಕಿ ನೇರವಾಗಿ ಕೂರುತ್ತೆ, ಅಂದ್ರೆ ಮಂಡಗದ್ದೆ, ಗುಡವಿ, ಭದ್ರಾ ಎಲ್ಲ ಸೇರಿಸಿ ಕರ್ನಾಟಕದಲ್ಲಿ ಪಕ್ಷಿ ನೋಡೋದು ಹೇಗೆ ಅಂತ ಒಂದು ಪುಸ್ತಕ ಬಂದ್ರೆ ಅದು 598.072345487.

ಇಲ್ಲೊಂದು ಎಚ್ಚರ ಬೇಕು. ವಿಷಯಕ್ಕೆ ಸ್ವಂತ ಸಂಖ್ಯೆ ಇಲ್ಲದೆ ಅದು ದೊಡ್ಡ ಗುಂಪಿನ ಸಂಖ್ಯೆಯೊಳಗೆ ಸಣ್ಣ ಭಾಗವಾಗಿ ಕೂತಿದ್ರೆ, ಅದಕ್ಕೆ 09, 03 ಅಂತ ಸಾಮಾನ್ಯ ಬಾಲ ಸೇರಿಸೋ ಹಾಗಿಲ್ಲ. ನಮ್ಮ ಘಟ್ಟದ ಕುಂಬಾರ ಕಪ್ಪೆ, ಕೊಟ್ಟಿಗೆಹಾರದ ಹೆಸರಿನ ಕುಣಿಯೋ ಕಪ್ಪೆ, ಇಂಥದ್ದಕ್ಕೆ ಒಂದೊಂದು ಪ್ರಭೇದದ ಸಂಖ್ಯೆ ಹುಡುಕೋಕೆ ಹೋಗಬೇಡಿ, ಸಣ್ಣ ಲೈಬ್ರರೀಲಿ ಕಪ್ಪೆಗಳ 597.89ಕ್ಕೆ ಹಾಕಿ ಅಲ್ಲೇ ನಿಲ್ಲಿಸಿ. ಕಾಳಿಂಗ ಸರ್ಪದ ಪುಸ್ತಕಕ್ಕೆ ಈ ತೊಂದರೆ ಅಷ್ಟಿಲ್ಲ, ನಾಗರಗಳಿಗೆ 597.9642 ಅಂತ ಹತ್ತಿರದ ಸಂಖ್ಯೆನೇ ಇದೆ.

ಹಾಗಾದ್ರೆ ಪೂರ್ತಿ ಡೀವಿನಾ, ಸಂಕ್ಷಿಪ್ತ ಡೀವಿನಾ? ನನ್ನ ಪ್ರಕಾರ ನಮ್ಮ ಭಾಗದ ಬಹುಪಾಲು ಲೈಬ್ರರಿಗಳಿಗೆ ನಿಜವಾಗಿ ಆರಿಸಬೇಕಾಗಿರೋದು ಇವೆರಡರ ನಡುವೆನೇ. ಸಂಕ್ಷಿಪ್ತದ ಹದಿನೈದನೇ ಆವೃತ್ತಿ 2012ರದ್ದು, ಒಂದೇ ಸಂಪುಟ, ಸಣ್ಣ ಸಂಗ್ರಹಕ್ಕೆ ಅಂತಲೇ ಮಾಡಿದ್ದು. ಅದು ಕೈಗೆ ಸಿಗದಿದ್ರೂ ಪೂರ್ತಿ ಸಂಖ್ಯೆನ ಅರ್ಥ ಮುಗಿಯೋ ಜಾಗದಲ್ಲಿ ಕತ್ತರಿಸಬಹುದು, 636.70896953ನ 636.7089ಕ್ಕೆ ನಿಲ್ಲಿಸಿದ್ರೆ "ನಾಯಿ, ವೈದ್ಯಕೀಯ" ಅನ್ನೋ ಅರ್ಥ ಉಳಿಯುತ್ತೆ, ಆದ್ರೆ 636.70ಕ್ಕೋ 636.708ಕ್ಕೋ ನಿಲ್ಲಿಸಿದ್ರೆ ಅದು ಅರ್ಧಕ್ಕೆ ನಿಂತ ಮಾತು, ದಶಾಂಶದ ಬಿಂದು ಆದ್ಮೇಲೆ ಸೊನ್ನೆಯಲ್ಲಿ ಮುಗಿಸಲೂಬಾರದು. ಒಂದು ವಿಷಯದಲ್ಲಿ ಇಪ್ಪತ್ತಕ್ಕಿಂತ ಕಮ್ಮಿ ಪುಸ್ತಕ ಇದ್ರೆ ಉದ್ದ ಸಂಖ್ಯೆಯಿಂದ ಓದುಗನಿಗೆ ಏನೂ ಲಾಭ ಇಲ್ಲ, ಒಂದು ಸಾಲಿನಲ್ಲಿ ಅಷ್ಟೂ ಪುಸ್ತಕದ ಬೆನ್ನು ಕಣ್ಣಿಗೇ ಕಾಣುತ್ತೆ. ನೂರಿನ್ನೂರು ಆದಾಗ ಮಾತ್ರ ಆ ಬಾಲ ಕೆಲಸಕ್ಕೆ ಬರೋದು.

ದುಡ್ಡಿನ ವಿಷಯ. ಹೊಸ ಡೀವಿ ಸೆಟ್ ದುಬಾರಿ, ವೆಬ್‌ಡೀವಿ ಚಂದಾ ಪ್ರತಿ ವರ್ಷ ಕಟ್ಟಬೇಕು, ಸಣ್ಣ ಕಾಲೇಜಿಗೆ ಎರಡೂ ಭಾರನೇ. ಅದಕ್ಕೆ ಸುಮಾರು ಕಡೆ ಹತ್ತೊಂಬತ್ತನೇದೋ ಇಪ್ಪತ್ತನೇದೋ ಹಳೇ ಆವೃತ್ತಿ ಇಟ್ಕೊಂಡು ಕೆಲಸ ನಡೆಸ್ತಾರೆ, ಇನ್ನು ಕೆಲವರು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕ್ಯಾಟಲಾಗ್ ನೋಡಿ ನಕಲು ಮಾಡ್ಕೊತಾರೆ. ನಕಲು ಮಾಡೋದು ತಪ್ಪಲ್ಲ, ಉಚಿತವಾಗಿ ಸಿಗೋ ಒಳ್ಳೆ ದಾರಿ ಅದು. ಮಾರ್ಕ್ ಅನ್ನೋ ಕಂಪ್ಯೂಟರ್ ಕ್ಯಾಟಲಾಗ್ ದಾಖಲೆಯ 082 ಅನ್ನೋ ಜಾಗದಲ್ಲಿ ಡೀವಿ ಸಂಖ್ಯೆ, 050ರಲ್ಲಿ ಆ ಲೈಬ್ರರಿಯ ಸ್ವಂತ ಪದ್ಧತಿಯಾದ ಎಲ್‌ಸಿ ಸಂಖ್ಯೆ ಇರುತ್ತೆ. ಮೊದಲು ಸಂಖ್ಯೆ ಹುಡುಕೋಕೆ ಕ್ಲಾಸಿಫೈ ಅಂತ ಒಂದು ಉಚಿತ ಸೇವೆ ಇತ್ತು, 2024ರ ಜನವರಿಯಲ್ಲಿ ಅದನ್ನ ನಿಲ್ಲಿಸಿದ್ರು, ಹಾಗಾಗಿ ಈಗ ನೇರ ಕ್ಯಾಟಲಾಗೇ ಗತಿ. ಕನ್ನಡ ಪುಸ್ತಕದ ದಾಖಲೆ ಸಿಕ್ಕಿದ್ರೂ 082 ಖಾಲಿ ಇರಬಹುದು, ಆಗ ಅದೇ ವಿಷಯದ ಇಂಗ್ಲಿಷ್ ಪುಸ್ತಕ ಹುಡುಕಿ ಅದರ ಸಂಖ್ಯೆ ನೋಡಿ.

ಆದ್ರೆ ಪ್ರಾಣಿ ವಿಷಯದಲ್ಲಿ ಕಣ್ಣುಮುಚ್ಚಿ ನಕಲು ಮಾಡಿದ್ರೆ ರ್‍ಯಾಕು ಒಡೆದು ಹೋಗುತ್ತೆ. 1996ರ ಇಪ್ಪತ್ತೊಂದನೇ ಆವೃತ್ತಿಯಲ್ಲಿ ಜೀವಶಾಸ್ತ್ರದ ಭಾಗವನ್ನ ತುಂಬ ಬದಲಾಯಿಸಿದ್ರು. ಅದಕ್ಕೂ ಮೊದಲು ಆನೆ 599.61ರಲ್ಲಿ ಇತ್ತು, ಹುಲಿ 599.74428ರಲ್ಲಿ, ಪಕ್ಷಿಗಳು 598.2ರಲ್ಲಿ. ಈಗ ಆನೆ 599.67, ಹುಲಿ 599.756, ಪಕ್ಷಿ ಬರೀ 598. ಒಂದು ಪುಸ್ತಕ 1985ರದ್ದು, ಇನ್ನೊಂದು 2010ರದ್ದು, ಎರಡಕ್ಕೂ ಕ್ಯಾಟಲಾಗಿನಲ್ಲಿದ್ದ ಸಂಖ್ಯೆನೇ ಬರ್ಕೊಂಡ್ರೆ ಎರಡು ಹುಲಿ ಪುಸ್ತಕ ಬೇರೆ ಬೇರೆ ಕಡೆ ಹೋಗಿ ಕೂರುತ್ತೆ. 082ರ ಕೊನೇಲಿ ಆವೃತ್ತಿಯ ಸಂಖ್ಯೆ ಕೊಟ್ಟಿರ್ತಾರೆ, 19, 20, 22 ಅಂತ, ಅದನ್ನ ನೋಡದೆ ಬರ್ಕೊಬೇಡಿ. ಹಳೇ ಆವೃತ್ತಿನೇ ಸಾಕು ಅನ್ಸಿದ್ರೆ ಅದನ್ನೇ ಇಟ್ಕೊಳ್ಳಿ, ಅದರಲ್ಲಿ ಅವಮಾನ ಏನಿಲ್ಲ, ಆದ್ರೆ ಪೂರ್ತಿ ಅದರಲ್ಲೇ ಇರಿ.

ಯುಡಿಸಿ (ಯೂನಿವರ್ಸಲ್ ಡೆಸಿಮಲ್ ಕ್ಲಾಸಿಫಿಕೇಶನ್) ಡೀವಿಯ ಬೇರಿನಿಂದಲೇ ಬಂದಿದ್ದು, ಪೌಲ್ ಓಟ್ಲೆ ಮತ್ತು ಆನ್ರಿ ಲಾ ಫೊಂಟೇನ್ ಬೆಲ್ಜಿಯಂನಲ್ಲಿ ಬೆಳೆಸಿದ್ರು. ಇದರ ಶಕ್ತಿ ಎರಡು ವಿಷಯನ ಒಂದು ಚಿಹ್ನೆ ಹಾಕಿ ಜೋಡಿಸೋದ್ರಲ್ಲಿದೆ. ಮಂಗನ ಕಾಯಿಲೆ ಪುಸ್ತಕ ತಗೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ, ವೈರಸ್ಸು ಹರಡೋದು ಉಣುಗಿನಿಂದ, ಸಾಯೋದು ಮಂಗ, ಕಾಡಿಗೆ ಸೊಪ್ಪು ಸೌದೆಗೆ ಹೋದ ಮನುಷ್ಯನಿಗೂ ಬರುತ್ತೆ. ಡೀವೀಲಿ ಒಂದನ್ನ ಆರಿಸಲೇಬೇಕು. ಒಂದರ ಪರಿಣಾಮ ಇನ್ನೊಂದರ ಮೇಲೆ ಆದ್ರೆ, ಪರಿಣಾಮ ಯಾವುದರ ಮೇಲೋ ಅಲ್ಲಿಗೆ ಹಾಕು ಅನ್ನೋದು ನಿಯಮ, ಹಾಗಾಗಿ ಮನುಷ್ಯರ ಕಾಯಿಲೆ ಅಂತ 616.9ರ ಕೆಳಗೆ, ಲಸಿಕೆ, ತಡೆಗಟ್ಟೋ ಕಾರ್ಯಕ್ರಮ ಅಂದ್ರೆ ಸಾರ್ವಜನಿಕ ಆರೋಗ್ಯದ 614.5ರ ಕೆಳಗೆ. ಉಣುಗಿನ ಪ್ರಭೇದಗಳ ಅಧ್ಯಯನ ಮಾತ್ರ 595.42ರ ಕಡೆ. ಯುಡಿಸೀಲಿ 616.9:595.42 ಅಂತ ಒಂದೇ ಸಂಖ್ಯೇಲಿ ಎರಡೂ ಹೇಳಬಹುದು, ಬೇಕಾದ್ರೆ ತಿರುಗಿಸಿ 595.42:616.9 ಅಂತಾನೂ ಬರೀಬಹುದು, ಕ್ಯಾಟಲಾಗಿನಲ್ಲಿ ಎರಡು ಕಡೆಯಿಂದಲೂ ಹುಡುಕೋ ಹಾಗೆ. ದೇಶ ಆವರಣದಲ್ಲಿ ಬರುತ್ತೆ, ಭಾರತದ ಪಕ್ಷಿಗಳು 598.2(540). ಸುಮಾರು 2,600 ವರ್ಗಗಳ ಸಾರಾಂಶ ಆನ್‌ಲೈನಿನಲ್ಲಿ ಉಚಿತವಾಗಿದೆ, ಕಲಿಯೋಕೆ ಅದು ಸಾಕು, ಆದ್ರೆ ಒಂದೊಂದು ಕುಟುಂಬದ ಮಟ್ಟಕ್ಕೆ ಇಳಿಯೋಕೆ ಪೂರ್ತಿ ಪಟ್ಟಿಗೆ ದುಡ್ಡು ಕೊಡಲೇಬೇಕು.

ತೊಂದರೆ ಬರೋದು ರ್‍ಯಾಕಿನ ಹತ್ರ. ಕೂಡಿಸೋ ಚಿಹ್ನೆ, ಓರೆಗೆರೆ, ವಿವರಣ ಚಿಹ್ನೆ (:), ಆವರಣ ಇವುಗಳಲ್ಲಿ ಯಾವುದು ಮೊದಲು ಬರಬೇಕು ಅಂತ ಒಂದು ಕ್ರಮ ಇದೆ, ಪುಸ್ತಕ ವಾಪಸ್ ಜೋಡಿಸೋ ಅಟೆಂಡರಿಗೆ ಅದನ್ನ ಕಲಿಸಬೇಕು. ಇ-ಗ್ರಂಥಾಲಯ ಆಗಲಿ ಕೋಹಾ ಆಗಲಿ ನೀವು ಯಾವ ಲೈಬ್ರರಿ ಸಾಫ್ಟ್‌ವೇರ್ ಬಳಸ್ತಿರಿ, ಇಂಥ ಹತ್ತು ಸಂಖ್ಯೆ ಹಾಕಿ ಸರಿಯಾದ ಕ್ರಮದಲ್ಲಿ ಪಟ್ಟಿ ಬರುತ್ತಾ ಅಂತ ಪರೀಕ್ಷೆ ಮಾಡಿ ಆಮೇಲೆ ಮುಂದುವರಿಯಿರಿ. ಕಾಡು, ಕಾಯಿಲೆ, ಕೀಟ ಮೂರೂ ಸೇರೋ ವರದಿ, ಬಿಡಿ ಲೇಖನ, ಪ್ರಬಂಧ ಇಂಥದ್ದೇ ಜಾಸ್ತಿ ಇರೋ ಸಂಶೋಧನಾ ಕೇಂದ್ರಕ್ಕೆ ಯುಡಿಸಿ ನಿಜಕ್ಕೂ ಒಳ್ಳೇದು, ಅಲ್ಲಿ ಬರೋರಿಗೆ ಆ ಚಿಹ್ನೆ ಓದೋ ತಾಳ್ಮೆನೂ ಇರುತ್ತೆ. ಊರಿನ ಲೈಬ್ರರಿಗೆ ಬೇಡ.

ಕೋಲನ್ ಬಗ್ಗೆ ಬರೆಯೋವಾಗ ನನಗೆ ಸ್ವಲ್ಪ ಅಭಿಮಾನ ಜಾಸ್ತಿನೇ. ನಮ್ಮ ದೇಶದ ಲೈಬ್ರರಿ ಶಾಸ್ತ್ರಜ್ಞ ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ಇದನ್ನ ತಂದ್ರು, ಬೆಂಗಳೂರಿನಲ್ಲಿ 1962ರಲ್ಲಿ ಲೈಬ್ರರಿ ಶಾಸ್ತ್ರ ಕಲಿಸೋ ಸಂಸ್ಥೆ ಡಿಆರ್‌ಟಿಸಿ ಕಟ್ಟಿದ್ರು, ಲೈಬ್ರರಿ ಸೈನ್ಸ್ ಓದಿದ ಪ್ರತಿಯೊಬ್ಬರೂ ಅವರ ಋಣದಲ್ಲಿದ್ದೀವಿ. ವಿಷಯನ ಬಿಡಿಸಿ ನೋಡೋದನ್ನ ಅವರಷ್ಟು ಚೊಕ್ಕವಾಗಿ ಹೇಳಿಕೊಟ್ಟವರಿಲ್ಲ. ಮೊದಲು ಮುಖ್ಯ ವಸ್ತು ಯಾವುದು, ಅದರ ಯಾವ ಗುಣ ಅಥವಾ ಪದಾರ್ಥ, ಅದರ ಮೇಲೆ ನಡೆಯೋ ಕ್ರಿಯೆ ಏನು, ಎಲ್ಲಿ, ಯಾವಾಗ, ಹೀಗೆ ಐದು ಮುಖ. ಪಾಠದಲ್ಲಿ ಎಲ್ಲರೂ ನೋಡಿರೋ ಎಲ್,45;421 ಅನ್ನೋ ಸಂಖ್ಯೆನೇ ತಗೊಳ್ಳಿ, ಎಲ್ ಅಂದ್ರೆ ವೈದ್ಯಕೀಯ, 45 ಶ್ವಾಸಕೋಶ, 421 ಕ್ಷಯ, ಮುಂದೆ ವಿವರಣ ಚಿಹ್ನೆ ಹಾಕಿ ಚಿಕಿತ್ಸೆ ಸೇರಿಸಬಹುದು, ಚುಕ್ಕೆ ಹಾಕಿ 44 ಅಂದ್ರೆ ಭಾರತ. ಪ್ರಾಣಿಶಾಸ್ತ್ರ ಕೆ, ಪಶುಸಂಗೋಪನೆಗೆ ಅದರ ಪಕ್ಕದಲ್ಲೇ ಜಾಗ. ಅಂದ್ರೆ ಪ್ರಾಣಿ ಮತ್ತು ಸಾಕಣೆ ಅಕ್ಕಪಕ್ಕ ಬರುತ್ತೆ, ಡೀವಿ ಹಾಗೆ 590ಕ್ಕೂ 636ಕ್ಕೂ ಮಧ್ಯ ಇಡೀ ವೈದ್ಯಕೀಯ, ಎಂಜಿನಿಯರಿಂಗ್ ಬಂದು ನಿಲ್ಲಲ್ಲ. ಇದು ದೊಡ್ಡ ಗುಣ.

ಇಷ್ಟೆಲ್ಲಾ ಇದ್ರೂ ಹೊಸದಾಗಿ ಶುರು ಮಾಡೋರಿಗೆ ಕೋಲನ್ ತಗೊಳ್ಳಿ ಅಂತ ನಾನು ಹೇಳಲ್ಲ. ಏಳನೇ ಆವೃತ್ತಿ 1987ರದ್ದು, ಬೇರೆಯವರ ಕ್ಯಾಟಲಾಗಿನಿಂದ ನಕಲು ಮಾಡ್ಕೊಳ್ಳೋಕೆ ಸಂಖ್ಯೆ ಸಿಗಲ್ಲ, ಪ್ರತಿ ಪುಸ್ತಕಕ್ಕೂ ನೀವೇ ಕೂತು ಕಟ್ಟಬೇಕು, ನಿಮ್ಮ ನಂತರ ಬರೋರು ಅದನ್ನ ಕೈಯಾರೆ ಮಾಡಿ ಅಭ್ಯಾಸ ಇರೋರು ಆಗಿರೋದು ಕಷ್ಟ. ಆದ್ರೆ ಕೋಲನ್ ರೀತೀಲಿ ಯೋಚನೆ ಮಾಡಿ ಡೀವಿ ಸಂಖ್ಯೆ ಹಾಕಿ. ಪುಸ್ತಕ ಕೈಗೆ ಬಂದಾಗ ಒಂದು ಚೀಟಿ ಮೇಲೆ ಪ್ರಾಣಿ, ಅದರ ಭಾಗ ಅಥವಾ ರೋಗ, ಮಾಡೋ ಕೆಲಸ, ಊರು ಅಂತ ಬರ್ಕೊಂಡ್ರೆ ಯಾವುದು ಮುಖ್ಯ ಅನ್ನೋದು ತಾನಾಗೇ ಹೊರಗೆ ಬರುತ್ತೆ. ಈಗಾಗ್ಲೇ ಕೋಲನ್‌ನಲ್ಲೇ ಇರೋ ಹಳೇ ಸಂಗ್ರಹ ಇದ್ರೆ, ಅದನ್ನ ಒಡೆಯೋಕೆ ಅವಸರ ಮಾಡಬೇಡಿ.

ಎಲ್‌ಸಿ ಬಗ್ಗೆ ಹೆಚ್ಚು ಹೇಳೋದಿಲ್ಲ. ಪ್ರಾಣಿಶಾಸ್ತ್ರ ಕ್ಯೂಎಲ್, ಸಾಕಣೆ ಮತ್ತು ಪಶುವೈದ್ಯಕೀಯ ಎಸ್‌ಎಫ್, ಮೀನುಗಾರಿಕೆ ಎಸ್‌ಎಚ್. ಸಸ್ತನಿಗಳೆಲ್ಲ ಬಹುಪಾಲು ಕ್ಯೂಎಲ್ 737ರಲ್ಲಿ, ಅದರೊಳಗೆ ಗಣ, ಕುಟುಂಬದ ಹೆಸರಿನ ಅಕ್ಷರ ಸೇರುತ್ತೆ, ಬೆಕ್ಕಿನ ಕುಟುಂಬ ಸಿ23, ಆನೆಗಳ ಗಣ ಪಿ98. ಇದರಲ್ಲಿ ಕಟ್ಟೋ ಕೆಲಸ ಕಮ್ಮಿ, ಪಟ್ಟೀಲಿ ಹುಡುಕೋ ಕೆಲಸ ಜಾಸ್ತಿ, ಪಟ್ಟಿಗಳ ಪಿಡಿಎಫ್ ಉಚಿತವಾಗಿ ಸಿಗುತ್ತೆ, ಇದು ದುಡ್ಡಿಲ್ಲದವರಿಗೆ ದೊಡ್ಡ ಅನುಕೂಲ. ವೈಜ್ಞಾನಿಕ ಹೆಸರು ಗೊತ್ತಿರೋರಿಗೆ ಸಲೀಸು, ಉಳಿದವರಿಗೆ ಆ ಅಕ್ಷರ ಏನೂ ಹೇಳಲ್ಲ.

ಇನ್ನು ತಾವೇ ಬಣ್ಣದ ಪಟ್ಟಿ ಅಂಟಿಸೋ ಪದ್ಧತಿ, ಪಕ್ಷಿಗೆ ನೀಲಿ, ಹಾವಿಗೆ ಹಸಿರು ಅಂತ. ಶಾಲೇಲಿ ಮಕ್ಕಳಿಗೆ ಇದು ತುಂಬ ಇಷ್ಟ ಆಗುತ್ತೆ, ನಾನು ಬೇಡ ಅನ್ನಲ್ಲ. ಆದ್ರೆ ಬಣ್ಣದ ಕೆಳಗೆ 598, 597.96 ಅಂತ ಚಿಕ್ಕ ಡೀವಿ ಸಂಖ್ಯೆನೂ ಇರಲಿ, ಮುಂದೆ ಲೈಬ್ರರಿ ದೊಡ್ಡದಾದ್ರೆ ಮೊದಲಿಂದ ಶುರು ಮಾಡೋ ಕಷ್ಟ ಇರಲ್ಲ.

ಯಾರಿಗೆ ಯಾವುದು ಅಂತ ಬಿಡಿಸಿ ಹೇಳಬೇಕಂದ್ರೆ, ಅರಿವು ಕೇಂದ್ರ, ಶಾಲೆ, ಸಣ್ಣ ಕಾಲೇಜಿಗೆ ಸಂಕ್ಷಿಪ್ತ ಡೀವಿ, ಬಿಂದು ಆದ್ಮೇಲೆ ಮೂರು ಅಂಕಿ ದಾಟೋದು ಬೇಡ. ಇಲ್ಲಿ ಬರೋರು ಪ್ರಾಣಿ ಹೆಸರು ಹಿಡ್ಕೊಂಡೇ ಬರೋದ್ರಿಂದ, ಶಿಬಿರದ ಆನೆ, ಕಾಡಾನೆ ಎರಡನ್ನೂ 599.67ಕ್ಕೇ ಹಾಕ್ತೀನಿ ಅಂತ ನೀವು ನಿರ್ಧಾರ ಮಾಡಿದ್ರೆ ನಾನು ನಿಮ್ಮ ಪರ. ನಿಯಮದ ಪುಸ್ತಕ ಒಪ್ಪಲ್ಲ, ಓದುಗ ಒಪ್ತಾನೆ. ಜೇನಿಗೆ ಮಾತ್ರ ಹಾಗೆ ಮಾಡಬೇಡಿ, ಜೇನು ಸಾಕಣೆ 638.1, ಜೇನ್ನೊಣದ ಶಾಸ್ತ್ರ 595.799, ನಮ್ಮಲ್ಲಿ ಪೆಟ್ಟಿಗೆ ಇಡೋ ರೈತರು ಬೇರೆ, ಕೀಟ ನೋಡೋ ಹುಡುಗರು ಬೇರೆ. ದನದ್ದೂ ಹಾಗೇ, ಗಿಡ್ಡ ತಳಿ, ಹೈನು, ಕೊಟ್ಟಿಗೆ ಎಲ್ಲ 636.2ರಲ್ಲೇ ಒಟ್ಟಿಗಿರಲಿ, ಬೆಣ್ಣೆ ತುಪ್ಪದ ತಯಾರಿಕೆ 637ಕ್ಕೆ ಹೋಗಲಿ.

ಪಶುವೈದ್ಯಕೀಯ ಕಾಲೇಜಿನಂಥ ಕಡೆ ಪೂರ್ತಿ ಡೀವಿನೇ ಬೇಕು, ಅಲ್ಲಿ 636.089ರ ಕೆಳಗೇ ಸಾವಿರಾರು ಪುಸ್ತಕ ಬೀಳುತ್ತೆ, ಬಾಲ ಇಲ್ಲದಿದ್ರೆ ಹುಡುಕೋದು ಅಸಾಧ್ಯ. ಅಲ್ಲಿ ಮೊದಲೇ ತೀರ್ಮಾನ ಆಗಬೇಕಾದ್ದು, ದನದ ರೋಗ ದನದ ಜೊತೆ ಇರಬೇಕಾ, ಎಲ್ಲ ಪ್ರಾಣಿಗಳ ರೋಗನೂ ಒಂದೇ ಸಾಲಿನಲ್ಲಿ ಇರಬೇಕಾ ಅನ್ನೋದು. ಡೀವಿ ಸಾಮಾನ್ಯ ಕ್ರಮದಲ್ಲಿ ರೋಗ ಪ್ರಾಣಿಯ ಜೊತೆ ಹೋಗುತ್ತೆ. ಪಾಠ ಹೇಳೋ ಮೇಷ್ಟ್ರುಗಳನ್ನ ಕೂರಿಸಿ ಕೇಳಿ, ಅವರ ವಿಭಾಗಗಳು ಪ್ರಾಣಿ ಪ್ರಕಾರ ಇಲ್ಲ, ಶಾಸ್ತ್ರದ ಪ್ರಕಾರ ಇರೋದು. ಶರಾವತಿ ಕಣಿವೆ ಸಿಂಗಳೀಕದ ಮೇಲೋ, ಆಗುಂಬೆ ಕಡೆ ಹಾವು ಕಪ್ಪೆ ಮೇಲೋ ಕೆಲಸ ಮಾಡೋ ಕೇಂದ್ರಗಳಿಗೆ ಯುಡಿಸಿ ಅಥವಾ ಎಲ್‌ಸಿ, ವರದಿ ಜಾಸ್ತಿ ಇದ್ರೆ ಯುಡಿಸಿ, ಇಂಗ್ಲಿಷ್ ಪುಸ್ತಕವೇ ಜಾಸ್ತಿ ಇದ್ರೆ ಎಲ್‌ಸಿ. ಮನೆ ಸಂಗ್ರಹಕ್ಕೆ ಸಿಂಗಳೀಕದ್ದು 599.864, ಹಾವಿನದ್ದು 597.96 ಇಷ್ಟೇ ಸಾಕು, ಕೆಳಗೆ ಲೇಖಕರ ಹೆಸರಿನ ಮೊದಲ ಎರಡು ಮೂರು ಅಕ್ಷರ ಕನ್ನಡದಲ್ಲೇ ಹಾಕಿ.

ಯಾವುದನ್ನೇ ತಗೊಂಡ್ರೂ ಒಂದು ಉದ್ದ ನೋಟ್‌ಬುಕ್ ಇಡಿ. ಆನೆ ಶಿಬಿರ ಎಲ್ಲಿಗೆ ಹಾಕಿದ್ವಿ, ಮಂಗನ ಕಾಯಿಲೆ ಎಲ್ಲಿಗೆ, ಯಾಕೆ, ಯಾವ ಆವೃತ್ತಿ ಅಂತ ತಾರೀಖು ಸಮೇತ ಬರೀರಿ, ಅದನ್ನ ಬೀರುವಿನಲ್ಲಿ ಇಡಬೇಡಿ, ಟೇಬಲ್ ಮೇಲೇ ಇರಲಿ. ಸಂಖ್ಯೆನ ಬೆನ್ನಿನ ಲೇಬಲ್ ಮೇಲೆ ಅಲ್ಲದೆ ಶೀರ್ಷಿಕೆ ಪುಟದ ಹಿಂದೆ ಪೆನ್ಸಿಲ್‌ನಲ್ಲೂ ಬರೀರಿ, ನಮ್ಮ ಮಳೆಗಾಲದ ಥಂಡಿಗೆ ಅಂಟು ಬಿಟ್ಟು ಲೇಬಲ್ ಉದುರುತ್ತೆ, ಆಗ ಪುಸ್ತಕ ಯಾವ ಸಾಲಿನದ್ದು ಅಂತ ಅಲ್ಲೇ ಗೊತ್ತಾಗುತ್ತೆ. ಹಳೇ ಸಂಗ್ರಹಕ್ಕೆ ಸಂಖ್ಯೆ ಬದಲಾಯಿಸೋರು ಇಡೀ ಲೈಬ್ರರಿಗೆ ಒಟ್ಟಿಗೆ ಕೈ ಹಾಕಬೇಡಿ, ಈ ಬೇಸಿಗೆ ರಜೇಲಿ 598 ಮತ್ತು 599 ಎರಡು ಸಾಲು ಮಾತ್ರ ಮುಗಿಸಿ, 636 ಮುಂದಿನ ರಜೆಗೆ ಇಟ್ಕೊಳ್ಳಿ.